ಎರಡು ಚಳಿಗಾಲ, ಎರಡು ಟಬ್: ಅಲ್ಯೂಮಿನಿಯಂ ಪೋರ್ಷೆ, ಕಾರ್ಬನ್ ಜಾಗ್ವಾರ್

ಇಂಗ್ಲೆಂಡಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಳೆಯ ರೇಸ್ ಕಾರುಗಳಿಗೆ ಮತ್ತೆ ಜೀವ ಕೊಡುವುದು ನನ್ನ ಕೆಲಸ. ಹೋದ ವರ್ಷದ ಹಿಂದಿನ ಚಳಿಗಾಲ ಪೋರ್ಷೆ 962 ಬಂತು. ಹೋದ ಚಳಿಗಾಲ ಜಾಗ್ವಾರ್ ಎಕ್ಸ್‌ಜೆಆರ್-9. ಎರಡೂ ಗ್ರೂಪ್ ಸಿ ಎಂಬ, 1980ರ ದಶಕದ ದೀರ್ಘ ಓಟದ ಕಾರುಗಳ ವರ್ಗದವು, ಫ್ರಾನ್ಸಿನ 24 ಗಂಟೆಯ ಲೆ ಮಾನ್ ಓಟದಲ್ಲಿ ಎದುರುಬದುರು ಓಡಿದ ಜಾತಿ. ಆದರೆ ಮೊದಲನೆಯದರ ಟಬ್, ಅಂದರೆ ಡ್ರೈವರ್ ಕೂರುವ, ಕಾರಿನ ಬೆನ್ನೆಲುಬಾದ ತೊಟ್ಟಿ, ಅಲ್ಯೂಮಿನಿಯಂ; ಎರಡನೆಯದರದು ಕಾರ್ಬನ್ ಫೈಬರ್. ಎರಡನ್ನೂ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಹಳೇ ಏರ್‌ಫೀಲ್ಡ್ ಒಂದರಲ್ಲಿ ನಿಧಾನಕ್ಕೆ ಓಡಿಸಿಯೂ ನೋಡಿದೆ.

962ರ ಟಬ್ ನೋಡಿದ ತಕ್ಷಣ ನನಗೆ ಬೆಂಗಳೂರು ನೆನಪಾಯಿತು. ನಾನು ರಿವೆಟ್ ಹೊಡೆಯಲು ಕಲಿತದ್ದು ಅಲ್ಲಿ, ವಿಮಾನದ ಕೆಲಸದಲ್ಲಿ. ಇದೂ ಅದೇ ವಿದ್ಯೆ: ತಗಡು ಮಡಚು, ಅಂಟು ಹಚ್ಚು, ರಿವೆಟ್ ಹೊಡೆ. ಪೋರ್ಷೆಯ ಹಳೇ ರೇಸ್ ಕಾರು 917ರಲ್ಲಿ ಕೊಳವೆಗಳ ಫ್ರೇಮ್ ಇತ್ತು. 1982ರ 956ರಲ್ಲಿ ಪೋರ್ಷೆ ಮೊದಲ ಸಲ ಮಾನೊಕಾಕ್‌ಗೆ, ಅಂದರೆ ಫ್ರೇಮ್ ಇಲ್ಲದೆ ತೊಟ್ಟಿಯೇ ಭಾರ ಹೊರುವ ರಚನೆಗೆ, ಬಂತು, ಆ ವರ್ಷವೇ ಲೆ ಮಾನ್‌ನಲ್ಲಿ ಮೊದಲ ಮೂರೂ ಸ್ಥಾನ ಹೊಡೆಯಿತು. 962 ಅದರದೇ ತಮ್ಮ. ಅಮೆರಿಕದ ರೇಸಿಂಗ್ ಸಂಸ್ಥೆ ಇಮ್ಸಾದ ನಿಯಮದಂತೆ ಡ್ರೈವರ್ ಪಾದ ಮುಂದಿನ ಆಕ್ಸಲ್‌ನ ಹಿಂದೆ ಇರಬೇಕಿತ್ತು, ಅದಕ್ಕೇ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಉದ್ದ ಮಾಡಿದರು.

ಅಲ್ಯೂಮಿನಿಯಂ ಏನನ್ನೂ ಬಚ್ಚಿಡುವುದಿಲ್ಲ. ರಿವೆಟ್ ಸಡಿಲವಾದರೆ ಅದರ ಸುತ್ತ ಮಸಿಯಂಥ ಕಪ್ಪು ಗೆರೆ ಬರುತ್ತದೆ. ತಗಡು ತಗಡಿಗೆ ಉಜ್ಜಿ ಬಂದ ಪುಡಿ ಅದು. ಟಾರ್ಚ್ ಹಿಡಿದರೆ ಸಾಕು, ಕಾರು ತನ್ನ ನೋವು ತಾನೇ ಹೇಳುತ್ತದೆ. ಟಬ್ಬಿನ ಹಿಂಭಾಗ ಬಿಗಿದು, ಮುಂದೆ ಒಂದು ಬದಿಗೆ ತೂಕ ಹಾಕಿ, ಎಷ್ಟು ತಿರುಚುತ್ತದೆ ಎಂದು ಅಳೆಯಲು ಡಯಲ್ ಗೇಜ್ ಇಟ್ಟೆವು. ತೂಕ ತೆಗೆದ ಮೇಲೂ ಮುಳ್ಳು ಸೊನ್ನೆಗೆ ವಾಪಸ್ ಬರಲಿಲ್ಲ. ಇಂಥ ಕಾರಿನಲ್ಲಿ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಟಬ್ಬೇ ಒಂದು ಸ್ಪ್ರಿಂಗ್ ಆಗಿರುತ್ತದೆ. ಸಡಿಲ ರಿವೆಟ್‌ಗಳನ್ನು ಕೊರೆದು ತೆಗೆದು ಒಂದು ಸೈಜ್ ದೊಡ್ಡವು ಹೊಡೆದೆವು. ಆಮೇಲೆ ಮುಳ್ಳು ಸರಿಯಾಗಿ ವಾಪಸ್ ಬಂತು. ಈ ದೌರ್ಬಲ್ಯ ಆ ಕಾಲದ ತಂಡಗಳಿಗೂ ಗೊತ್ತಿತ್ತು. ರಿಚರ್ಡ್ ಲಾಯ್ಡ್ ಅವರ ತಂಡ ಡಿಸೈನರ್ ನೈಜೆಲ್ ಸ್ಟ್ರೌಡ್ ಕೈಲಿ ಜೇನುಗೂಡಿನಂಥ ಒಳಪದರವಿರುವ ಅಲ್ಯೂಮಿನಿಯಂ ಹನಿಕೋಂಬ್ ಟಬ್ ಮಾಡಿಸಿಕೊಂಡದ್ದು ಸುಮ್ನೆ ಅಲ್ಲ.

ಜಾಗ್ವಾರ್‌ನದು ಬೇರೆಯೇ ಸ್ವಭಾವ. ಡಿಸೈನರ್ ಟೋನಿ ಸೌತ್‌ಗೇಟ್ 1985ರ ಎಕ್ಸ್‌ಜೆಆರ್-6ರಲ್ಲೇ ಕಾರ್ಬನ್ ಟಬ್ ತಂದಿದ್ದರು. ಅದೇ ದಾರಿಯಲ್ಲಿ ಬಂದದ್ದು ಎಕ್ಸ್‌ಜೆಆರ್-9. ಏಳು ಲೀಟರಿನ ವಿ12 ಎಂಜಿನ್ ನೇರ ಟಬ್ಬಿನ ಬೆನ್ನಿಗೇ ಬೋಲ್ಟ್ ಆಗುತ್ತದೆ. ಅದೇ ಗೇಜ್ ಪರೀಕ್ಷೆ ಮಾಡಿದಾಗ ಮುಳ್ಳು ಅಲ್ಲಾಡಿದ್ದು ತೀರ ಕಡಿಮೆ. ಮೂವತ್ತು ವರ್ಷ ದಾಟಿದ ಟಬ್ ಇದು, ಅದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಏರ್‌ಫೀಲ್ಡಿನ ಕಾಂಕ್ರೀಟ್ ಸಂದಿ ಹಾಯುವಾಗ 962 ಕಿರಗುಟ್ಟುತ್ತಿತ್ತು. ಇದು ಸದ್ದೇ ಮಾಡಲಿಲ್ಲ, ಎಂಜಿನ್ನಿನ ನಡುಕ ಮಾತ್ರ ಬೆನ್ನುಮೂಳೆಗೆ ಬಡಿಯುತ್ತಿತ್ತು.

ಆದರೆ ಕಾರ್ಬನ್ ಬಾಯಿ ಬಿಡುವುದಿಲ್ಲ. ಕಾರಿನ ಜೊತೆ ಬಂದ ಕಾಗದದಲ್ಲಿ 'ಟಬ್ ಪರೀಕ್ಷಿಸಲಾಗಿದೆ, ದೋಷವಿಲ್ಲ' ಎಂದಿತ್ತು. ನಾನು ನಾಣ್ಯ ತೆಗೆದುಕೊಂಡು ಅಂಗುಲ ಅಂಗುಲ ತಟ್ಟುತ್ತಾ ಹೋದೆ. ಎಲ್ಲ ಕಡೆ ಟಣ್ ಟಣ್. ಎಡಗಡೆ ಮುಂದಿನ ಸಸ್ಪೆನ್ಷನ್ ಸೇರುವ ಜಾಗದಲ್ಲಿ ಮಾತ್ರ ದಪ್. ಹೊರಗೆ ಒಂದು ಗೀರೂ ಇಲ್ಲ! ಅಲ್ಟ್ರಾಸೌಂಡ್‌ನಲ್ಲಿ ಪದರ ಬಿಟ್ಟಿರುವುದು ಖಚಿತವಾಯಿತು. ಒಳಗೆ ಕೂರಿಸಿದ್ದ ಅಲ್ಯೂಮಿನಿಯಂ ತುಂಡು ಕಾರ್ಬನ್‌ಗೆ ತಾಗಿ, ತೇವ ಸೇರಿ, ಬಿಳಿ ಪುಡಿಯಾಗಿ ಉಬ್ಬಿತ್ತು. ಈ ಎರಡು ವಸ್ತುಗಳ ನಡುವೆ ಗ್ಲಾಸ್ ಫೈಬರ್ ಪದರ ಇಲ್ಲದಿದ್ದರೆ ಆಗುವುದೇ ಹೀಗೆ. ಮೆಟ್ಟಿಲು ಮೆಟ್ಟಿಲಾಗಿ ಒಂದೊಂದೇ ಪದರ ಉಜ್ಜಿ, ಹೊಸ ಕಾರ್ಬನ್ ಬಟ್ಟೆ ಕೂರಿಸಿ, ವ್ಯಾಕ್ಯೂಮ್ ಬ್ಯಾಗ್ ಹಾಕಿ, ಬಿಸಿ ಕೊಟ್ಟು ಗಟ್ಟಿ ಮಾಡಲು ಮೂರು ವಾರ ಹಿಡಿಯಿತು. 962ರಲ್ಲಿ ಅಷ್ಟೇ ಜಾಗದ ರಿಪೇರಿ ಒಂದು ಮಧ್ಯಾಹ್ನದ ಕೆಲಸ.

ಗೆಲುವಿನ ಲೆಕ್ಕ ಹಿಡಿದರೆ ತೀರ್ಪು ಸಿಗುವುದಿಲ್ಲ. 1988ರ ಲೆ ಮಾನ್ ಗೆದ್ದದ್ದು ಕಾರ್ಬನ್ನಿನ ಎಕ್ಸ್‌ಜೆಆರ್-9, ಮರುವರ್ಷ ಸ್ವಿಸ್ ತಂಡ ಸೌಬರ್‌ನ ಅಲ್ಯೂಮಿನಿಯಂ ಸಿ9. ಆದರೂ ಸೌಬರ್ ತನ್ನ ಮುಂದಿನ ಸಿ11ಗೆ ಕಾರ್ಬನ್ನನ್ನೇ ಆರಿಸಿತು.

ನನ್ನ ಮನಸ್ಸನ್ನು ವಾಲಿಸಿದ್ದು ಬೇರೆ ವಿಷಯ. 1987ರಲ್ಲಿ ಲೆ ಮಾನ್‌ನ ಮುಲ್ಸಾನ್ ಎಂಬ ಉದ್ದನೆಯ ನೇರ ರಸ್ತೆಯಲ್ಲಿ ಡ್ರೈವರ್ ವಿನ್ ಪರ್ಸಿಯ ಕಾರ್ಬನ್ ಟಬ್ಬಿನ ಎಕ್ಸ್‌ಜೆಆರ್-8 ಟೈರ್ ಸಿಡಿದು ಚೂರುಚೂರಾಯಿತು. ವೇಗ ಗಂಟೆಗೆ 350 ಕಿ.ಮೀ. ಮೀರಿತ್ತು. ಆತ ನಡೆದು ಹೊರಬಂದ. ಅದರ ಹಿಂದಿನ ವರ್ಷ ಅದೇ ಲೆ ಮಾನ್‌ನಲ್ಲಿ 962 ಓಡಿಸುತ್ತಿದ್ದ ಯೋ ಗಾರ್ಟ್ನರ್ ಉಳಿಯಲಿಲ್ಲ. ಎರಡು ಅಪಘಾತ ಒಂದೇ ಥರ ಇರುವುದಿಲ್ಲ, ಅದು ನನಗೆ ಗೊತ್ತು. ಆದರೂ ನನ್ನವರು ಯಾರಾದರೂ ಬೆಲ್ಜಿಯಂನ ಸ್ಪಾ ರೇಸ್ ಟ್ರ್ಯಾಕಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸುತ್ತೇನೆ ಅಂದರೆ ಕಾರ್ಬನ್ನಿನಲ್ಲೇ ಕೂರಿಸುತ್ತೇನೆ, ಆ ಸೀಸನ್ನಿಗೆ ಮುಂಚೆ ನಾನೇ ಅಲ್ಟ್ರಾಸೌಂಡ್ ಮಾಡಿಸಿ.

ಕೆಲಸ ಮಾಡಲು ಮಾತ್ರ ನನಗೆ 962 ಜಾಸ್ತಿ ಇಷ್ಟ. ಮೊನ್ನೆ ಅದು ಮತ್ತೆ ಬಂತು. ಪೆಡಲ್ ಹತ್ತಿರ ಟಾರ್ಚ್ ಹಿಡಿದೆ. ಮೂರು ರಿವೆಟ್ ಕಪ್ಪಾಗಿವೆ. ನಾಳೆ ಬೆಳಿಗ್ಗೆ ಡ್ರಿಲ್ ಹಿಡಿಯಬೇಕು.