ಮೊದಲ ಸಲ ಕ್ರೂಸ್ ಹೋಗ್ತಿದ್ದೀರಾ? ಹಡಗಲ್ಲ, ಮೊದಲು ರೂಟ್ ನೋಡಿ
ಗ್ರ್ಯಾಂಡ್ ಕೇಮನ್ ದ್ವೀಪ ನಮ್ಮ ಕಣ್ಣೆದುರಿಗೇ ಇತ್ತು. ದಡದ ಕಟ್ಟಡಗಳು, ತಿಳಿ ನೀಲಿ ನೀರು ಎಲ್ಲವೂ ಡೆಕ್ ಮೇಲಿಂದ ಕಾಣುತ್ತಿತ್ತು. ಆಗ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು: ಅಲೆ ಜಾಸ್ತಿ ಇದೆ, ದೋಣಿ ಓಡಿಸಲು ಆಗುವುದಿಲ್ಲ, ಇಲ್ಲಿ ಇಳಿಯುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಸ್ಟಿಂಗ್‌ರೇ ಮೀನುಗಳನ್ನು ನೋಡಬೇಕು ಅಂತ ಅಮ್ಮ ತಿಂಗಳುಗಟ್ಟಲೆ ಕಾದಿದ್ದರು.

ತಪ್ಪು ನನ್ನದೇ. ಅಮೆರಿಕದ ಮಿಯಾಮಿಯಿಂದ ಹೊರಡುವ ಏಳು ರಾತ್ರಿಯ ಪಶ್ಚಿಮ ಕೆರಿಬಿಯನ್ ಕ್ರೂಸ್, ಸೆಪ್ಟೆಂಬರ್ ತಿಂಗಳು, ದರ ತುಂಬಾ ಕಡಿಮೆ. ಹಡಗಿನ ಈಜುಕೊಳ, ಊಟದ ಹಾಲ್‌ಗಳ ಫೋಟೋ ನೋಡಿ ದುಡ್ಡು ಕಟ್ಟಿಬಿಟ್ಟೆ. ದರ ಯಾಕೆ ಕಡಿಮೆ ಅಂತ ಕೇಳಲೇ ಇಲ್ಲ. ಆ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು. ಚಂಡಮಾರುತ ನಮ್ಮ ಹತ್ತಿರ ಬರಲಿಲ್ಲ. ಎಲ್ಲೋ ದೂರದಲ್ಲಿದ್ದರೂ ಅದು ಎಬ್ಬಿಸಿದ ಅಲೆಗಳೇ ನಮ್ಮ ಪ್ರವಾಸ ಕೆಡಿಸಲು ಸಾಕಾದವು.

ಇನ್ನೊಂದು ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ. ಎಲ್ಲ ಬಂದರಿನಲ್ಲೂ ಹಡಗು ಕಟ್ಟೆಗೆ ತಾಗಿ ನಿಲ್ಲುವುದಿಲ್ಲ. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯೇ ಇಲ್ಲ. ಲಂಗರು ಹಾಕಿ, ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಅಲೆ ಎದ್ದರೆ ಮೊದಲು ರದ್ದಾಗುವುದು ಇಂಥ ಜಾಗಗಳೇ. ನಮ್ಮ ರೂಟ್‌ನಲ್ಲಿ ಅಂಥವು ಎರಡಿದ್ದವು. ಎರಡನೆಯದು ಮಧ್ಯ ಅಮೆರಿಕದ ಬೆಲೀಜ್ ದೇಶದ ಬೆಲೀಜ್ ಸಿಟಿ. ಅಲ್ಲಿ ಸಮುದ್ರ ಆಳವಿಲ್ಲ, ಹವಳದ ದಿಬ್ಬಗಳಿವೆ. ಹಾಗಾಗಿ ಹಡಗು ದಡದಿಂದ ಬಹಳ ದೂರವೇ ನಿಲ್ಲುತ್ತದೆ. ಟೋಕನ್ ಹಿಡಿದು ಎರಡು ಗಂಟೆ ಕಾದೆವು. ಅಮ್ಮನಿಗೆ ಮಂಡಿನೋವು. ಹಡಗಿಗೂ ದೋಣಿಗೂ ನಡುವೆ ಜಾಗ ತೆರೆದು ಮುಚ್ಚುತ್ತಿತ್ತು. ಇಬ್ಬರು ಸಿಬ್ಬಂದಿ ಕೈ ಹಿಡಿದು ದಾಟಿಸಿದರು. ಅವರಿಗೆ ನಾನು ಯಾವತ್ತೂ ಋಣಿ. ಆದರೆ ಅಮ್ಮನ ಮುಖದಲ್ಲಿದ್ದ ಹೆದರಿಕೆ ಇನ್ನೂ ಮರೆತಿಲ್ಲ. ವಯಸ್ಸಾದವರು, ಗಾಲಿಕುರ್ಚಿ ಬಳಸುವವರು ಜೊತೆಗಿದ್ದರೆ ಟೆಂಡರ್ ಬಂದರುಗಳಿರುವ ರೂಟ್ ದಯವಿಟ್ಟು ಬೇಡ.

ದುಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ಇಳಿಯದ ಬಂದರಿಗೆ ವಾಪಸ್ ಬಂದದ್ದು ಬಂದರು ಶುಲ್ಕ ಮಾತ್ರ. ಮಾರ್ಗ ಬದಲಿಸುವ ಹಕ್ಕು ಕಂಪನಿಗಿದೆ ಅಂತ ಟಿಕೆಟ್‌ನ ಷರತ್ತಿನಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಸ್ಟಿಂಗ್‌ರೇ ಟೂರ್ ಅನ್ನು ಅಗ್ಗ ಅಂತ ಹೊರಗಿನವರ ಹತ್ತಿರ ಬುಕ್ ಮಾಡಿದ್ದೆ, ಆ ದುಡ್ಡು ಪೂರ್ತಿ ಹೋಯಿತು. ಹಡಗಿನವರ ಮೂಲಕವೇ ಬುಕ್ ಮಾಡಿದ್ದ ಪಕ್ಕದ ಕ್ಯಾಬಿನ್‌ನವರಿಗೆ ಪೂರ್ತಿ ವಾಪಸ್ ಬಂತು.

ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಹಡಗು ಕಟ್ಟೆಗೇ ನಿಂತಿತು, ಆರಾಮಾಗಿ ಇಳಿದೆವು. ಅಲ್ಲಿ ಸಮಯದ ಎಡವಟ್ಟು. ಹಡಗಿನ ಗಡಿಯಾರ ಮಿಯಾಮಿ ಸಮಯದಲ್ಲಿತ್ತು. ನನ್ನ ಫೋನ್ ತಾನಾಗಿ ಅಲ್ಲಿನ ಸಮಯಕ್ಕೆ ಬದಲಾಗಿ ಒಂದು ಗಂಟೆ ಹಿಂದಿತ್ತು. ಬಾಗಿಲು ಮುಚ್ಚಲು ಹತ್ತೇ ನಿಮಿಷ ಇರುವಾಗ ಓಡಿ ಬಂದು ಹತ್ತಿದೆವು. ಸ್ವಂತವಾಗಿ ಸುತ್ತಲು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲೇ ಹೋಗಿ ಸೇರಬೇಕು.

ಅಮೆರಿಕದಿಂದ ಹೊರಟು ಅಲ್ಲಿಗೇ ಮರಳುವ ಹಡಗಾದರೆ, ವೀಸಾ ಬೇಕಾದವರು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವ ವೀಸಾನೇ ಇಟ್ಟುಕೊಂಡಿರಬೇಕು. ಅದೊಂದು ನನಗೆ ಪುಣ್ಯಕ್ಕೆ ಸರಿಯಿತ್ತು.

ಈಗ ಕೇಳಿದರೆ ನಾನು ದಕ್ಷಿಣ ಕೆರಿಬಿಯನ್ ಹೇಳುತ್ತೇನೆ. ಅರೂಬಾ, ಕುರಸಾವ್ ದ್ವೀಪಗಳು ಚಂಡಮಾರುತ ಸಾಮಾನ್ಯವಾಗಿ ಹಾಯುವ ದಾರಿಗಿಂತ ದಕ್ಷಿಣಕ್ಕಿವೆ. ಎರಡೂ ಕಡೆ ಹಡಗು ಕಟ್ಟೆಗೇ ನಿಲ್ಲುತ್ತದೆ. ಪೋರ್ಟೊ ರಿಕೊ ದ್ವೀಪದ ಸ್ಯಾನ್ ಹುವಾನ್‌ನಿಂದ ಹೊರಟರೆ ದ್ವೀಪಗಳು ಹತ್ತಿರ ಹತ್ತಿರ ಸಿಗುತ್ತವೆ, ಬರೀ ಸಮುದ್ರ ನೋಡುತ್ತಾ ಕೂರುವ ದಿನ ಕಡಿಮೆ. ಅಲ್ಲಿಯವರೆಗಿನ ವಿಮಾನದ ಖರ್ಚು ಜಾಸ್ತಿ ಆಗಬಹುದು, ನಿಜ. ಯಾವ ರೂಟ್ ಆದರೂ ಮುಂಗಡ ಕಟ್ಟುವ ಮೊದಲು ಏಜೆಂಟ್ ಹತ್ತಿರ ಪ್ರತಿ ಬಂದರಿನ ಹೆಸರಿನ ಮುಂದೆ ಕಟ್ಟೆಯೋ ಟೆಂಡರೋ, ಎಷ್ಟು ಗಂಟೆ ನಿಲ್ಲುತ್ತದೆ ಅಂತ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ.