ಹಳೆಯ ಕನ್ನಡಿ: ಡೆನ್ಮಾರ್ಕಿನದಾ, ಸ್ವೀಡನ್ನಿನದಾ?

1960ರ ದಶಕದ ಸ್ಕ್ಯಾಂಡಿನೇವಿಯನ್ ಕನ್ನಡಿ ಹುಡುಕುವವರಿಗೆ ಎರಡು ಹೆಸರು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಡೆನ್ಮಾರ್ಕಿನ ಓಡರ್ ಊರಿನ ಆಕ್ಸೆಲ್ ಕ್ಯಾರ್ಸ್‌ಗಾರ್ಡ್ ಸಂಸ್ಥೆ. ಇನ್ನೊಂದು, ಸ್ವೀಡನ್ನಿನ ವಿಟ್‌ಷೋದ ಲುಕ್ಸುಸ್. ಇದರ ವಿನ್ಯಾಸಕರು ಊನೋ ಮತ್ತು ಓಸ್ಟೆನ್ ಕ್ರಿಸ್ಟಿಯಾನ್ಸನ್.

ಜಾಗ ಕಡಿಮೆ ಇದ್ದರೆ ಡೆನ್ಮಾರ್ಕಿನದೇ ಸರಿ. ತೇಗದ ತೆಳು ಚೌಕಟ್ಟು, ಕೆಲವದರಲ್ಲಿ ಕೆಳಗೆ ಪುಟ್ಟ ಹಲಗೆ. ಬೀಗದ ಕೈ, ಬಾಚಣಿಗೆ ಇಡಬಹುದು. ಕೈ ಕ್ರಿಸ್ಟಿಯಾನ್ಸೆನ್ ಎಂಬ ವಿನ್ಯಾಸಕ ಇದೇ ಸಂಸ್ಥೆಗೆ ಮಾಡಿದ ಕನ್ನಡಿ ಮತ್ತು ಡ್ರಾಯರ್ ಜೋಡಿ ಬಾಗಿಲ ಬಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಬ್ರೆಜಿಲ್ ರೋಸ್‌ವುಡ್ಡಿನದು ಸಿಕ್ಕರೆ ಮಾತ್ರ ತಡೆಯಿರಿ. ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟಿನ ನಿರ್ಬಂಧವಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸುವುದು ತಲೆನೋವು.

ಲುಕ್ಸುಸ್ ಕನ್ನಡಿಯ ಗತ್ತೇ ಬೇರೆ. ಓಕ್ ಅಥವಾ ತೇಗದ ಚೌಕಟ್ಟು, ಕೆಲವಕ್ಕೆ ತೂಗುಹಾಕಲು ಚರ್ಮದ ಪಟ್ಟಿ. ಖಾಲಿ ಬಿಳಿ ಗೋಡೆಗೆ ಅದೊಂದೇ ಸಾಕು. ಆದರೆ ಅರವತ್ತು ವರ್ಷದ ಚರ್ಮ ಅಲ್ವಾ? ಒಣಗಿ ಬಿರುಕು ಬಿಟ್ಟಿದೆಯಾ ನೋಡಿ. ಪಟ್ಟಿ ಹರಿದರೆ ಗಾಜೂ ಹೋಯಿತು. ನನಗೆ ಇಷ್ಟವಾಗುವುದು ಇದೇ. ಮಕ್ಕಳಿರುವ ಮನೆಗೆ ಮಾತ್ರ ಹೇಳಲಾರೆ.

ಎರಡರಲ್ಲೂ ಹಿಂಬದಿ ತಿರುಗಿಸಿ ಮುದ್ರೆ ಅಥವಾ ಲೇಬಲ್ ಹುಡುಕಿ. ಅಂಚಿನಲ್ಲಿ ಕಪ್ಪು ಚುಕ್ಕೆ ಇದ್ದರೆ ತೇವ ತಗುಲಿ ಬೆಳ್ಳಿ ಲೇಪ ಕೆಟ್ಟಿದೆ ಎಂದರ್ಥ. ಸ್ವಲ್ಪ ಇದ್ದರೆ ಸುಮ್ನೆ ಬಿಟ್ಟುಬಿಡಿ. ಗಾಜು ಬದಲಿಸಿದರೆ ಸಂಗ್ರಾಹಕರು ಕೊಡುವ ಬೆಲೆ ಇಳಿಯುತ್ತದೆ. ಬಚ್ಚಲುಮನೆಗೆ ಮಾತ್ರ ಎರಡೂ ಬೇಡ.