ಹಲ್ಲಿಗೆ ಕ್ಲಿಪ್ ಹಾಕಿಸಬೇಕಾ, ಅಲೈನರಾ? ನಮ್ಮ ಮನೆಯಲ್ಲಿ ಎರಡೂ ಇವೆ

ನನಗೆ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರಿಸಿ ಬೇಕಾದಾಗ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇ; ಹಲ್ಲು ಸರಿದಂತೆ ಮುಂದಿನ ಟ್ರೇ ಹಾಕುತ್ತಾ ಹೋಗಬೇಕು. ಬಳ್ಳಾರಿಯಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಪಿಯುಸಿ ಓದುವ ಅಕ್ಕನ ಮಗನಿಗೆ ತಂತಿ ಕ್ಲಿಪ್. ಹೆಚ್ಚೂಕಮ್ಮಿ ಒಂದೇ ಸಮಯಕ್ಕೆ ಶುರು ಮಾಡಿದ್ದೆವು, ಡಾಕ್ಟರೂ ಒಬ್ಬರೇ. ನನ್ನದು ಮುಗಿದಿದೆ, ಅವನದು ಕೊನೆಯ ಹಂತದಲ್ಲಿದೆ. ಸಿಕ್ಕವರೆಲ್ಲ ಕೇಳುವುದು ಒಂದೇ, ಯಾವುದು ಹೊರಗೆ ಕಾಣಲ್ಲ ಅಂತ. ನಾನಂತೂ ಬೇರೆ ಪ್ರಶ್ನೆ ಕೇಳುತ್ತೇನೆ: ನೀವು ದಿನಕ್ಕೆ ಎಷ್ಟು ಸಲ ಬಾಯಾಡಿಸುತ್ತೀರಿ, ಮತ್ತು ಏನು ತಿನ್ನುತ್ತೀರಿ?

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಹಲ್ಲಿನ ಮೇಲೆ ಇರಲೇಬೇಕು. ಒತ್ತಡ ಬಿಡದೆ ಬಿದ್ದರೆ ಮಾತ್ರ ಹಲ್ಲಿನ ಬೇರಿನ ಒಂದು ಬದಿಯ ಎಲುಬು ಕರಗಿ ಇನ್ನೊಂದು ಬದಿಯಲ್ಲಿ ಹೊಸದು ಕೂಡುತ್ತದೆ, ಹಲ್ಲು ಸರಿಯುತ್ತದೆ. ತೆಗೆದಿಟ್ಟು ಮರೆತರೆ ಹಲ್ಲು ವಾಪಸ್ ಹೊರಡುತ್ತದೆ, ಮುಂದಿನ ಟ್ರೇ ಕೂರುವುದಿಲ್ಲ. ಹಾಗಾಗಿ ಊಟ, ಚಹಾ, ಹಲ್ಲುಜ್ಜುವುದು ಎಲ್ಲ ಸೇರಿ ಸಿಗುವುದು ಎರಡರಿಂದ ನಾಲ್ಕು ಗಂಟೆ. ನೀರು ಬಿಟ್ಟು ಏನು ಕುಡಿಯಬೇಕಾದರೂ ತೆಗೆಯಬೇಕು. ನಮ್ಮೂರಲ್ಲಿ ಇದು ಸುಲಭ ಅಲ್ಲ. ಎದ್ದ ಕೂಡಲೇ ಚಹಾ, ಆಫೀಸಿನಲ್ಲಿ ಹನ್ನೊಂದಕ್ಕೆ ಚಹಾ, ಸಂಜೆ ಯಾರಾದರೂ ಸಿಕ್ಕರೆ ಒಗ್ಗರಣೆ ಮಿರ್ಚಿ, ಅದರ ಮೇಲೆ ಇನ್ನೊಂದು ಚಹಾ, ಪ್ರತಿ ಸಲವೂ ಟ್ರೇ ತೆಗೆದು ಡಬ್ಬಿಗೆ ಹಾಕಿ, ತಿಂದು, ಬಾಯಿ ಮುಕ್ಕಳಿಸಿ, ಸಾಧ್ಯವಾದರೆ ಉಜ್ಜಿ, ಮತ್ತೆ ಹಾಕಿಕೊಳ್ಳಬೇಕು. ಡಬ್ಬಿ ಮರೆತು ಟ್ರೇಯನ್ನು ಕಾಗದದಲ್ಲಿ ಸುತ್ತಿಟ್ಟರೆ ಅದು ಮಿರ್ಚಿ ಕಾಗದದ ಜೊತೆ ಕಸದ ಬುಟ್ಟಿಗೆ ಹೋಗುವುದು ಗ್ಯಾರಂಟಿ. ಹಾಕಿಕೊಂಡೇ ಚಹಾ ಕುಡಿದರೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಿಸಿಗೆ ಆಕಾರ ಕೆಡಬಹುದು. ಅದಕ್ಕಿಂತ ಕೆಟ್ಟದ್ದು ಅಂದರೆ ಸಕ್ಕರೆ ಒಳಗೇ ಸಿಕ್ಕಿಕೊಳ್ಳುತ್ತದೆ, ಜೊಲ್ಲಿಗೆ ಅದನ್ನು ತೊಳೆಯಲು ಆಗುವುದಿಲ್ಲ, ಹಲ್ಲು ಹುಳುಕಾಗುತ್ತದೆ. ನಾನು ಚಹಾವನ್ನು ತಿಂಡಿಯ ಜೊತೆಗೇ ಮುಗಿಸುವುದು ರೂಢಿ ಮಾಡಿಕೊಂಡೆ. ಈಗಲೂ ಸಂಬಂಧಿಕರ ಮನೆಗೆ ಹೋದರೆ "ಚಾ ಬಿಟ್ಟಿಯೇನು?" ಅಂತ ಕೇಳುತ್ತಾರೆ.

ಹುಡುಗನೂ ಅಲೈನರೇ ಬೇಕು ಅಂದಿದ್ದ. ತಿಂಗಳಿಗೊಂದು ಇಯರ್‌ಫೋನ್ ಕಳೆಯುವವನಿಗೆ ಅಲೈನರ್ ಯಾಕೆ ಅಂತ ಅಕ್ಕ ಅಲ್ಲಿಗೇ ಮಾತು ಮುಗಿಸಿದಳು. ಡಾಕ್ಟರೂ ಕ್ಲಿಪ್ಪೇ ಅಂದರು, ಅವರ ಕಾರಣ ಬೇರೆ. ಅವನ ಕೋರೆಹಲ್ಲು ಮೇಲೆ ಹತ್ತಿತ್ತು, ಜಾಗಕ್ಕಾಗಿ ನಾಲ್ಕು ಹಲ್ಲು ಕೀಳಬೇಕಿತ್ತು. ಅಷ್ಟು ದೂರ ಹಲ್ಲನ್ನು ಬೇರು ಸಮೇತ ನೆಟ್ಟಗೆ ಎಳೆಯಲು, ಮೇಲಿದ್ದದ್ದನ್ನು ಕೆಳಗೆ ತರಲು ತಂತಿಯ ಹಿಡಿತ ಚೆನ್ನಾಗಿರುತ್ತದೆ. ನನ್ನದು ಕೆಳಗಿನ ಮುಂಬಲ್ಲು ಸ್ವಲ್ಪ ಒತ್ತಿಕೊಂಡಿದ್ದವು ಅಷ್ಟೇ. ಎಲ್ಲರಿಗೂ ಎಲ್ಲವೂ ಅಲೈನರ್‌ನಲ್ಲೇ ಆಗುತ್ತದೆ ಅನ್ನುವುದು ಜಾಹೀರಾತಿನ ಮಾತು.

ಅವನ ಕಷ್ಟ ರೊಟ್ಟಿಯದ್ದು. ಚಹಾ ಕುಡಿಯಲು ಏನೂ ತೆಗೆಯಬೇಕಿಲ್ಲ, ಆದರೆ ಖಡಕ್ ರೊಟ್ಟಿ ಕಡಿಯುವಂತಿಲ್ಲ. ಕಬ್ಬು, ಹುರಿದ ಶೇಂಗಾ, ಚಿಕ್ಕಿ ಬಂದ್. ಪೇರಲ ಹಣ್ಣನ್ನು ಸಣ್ಣಗೆ ಹೆಚ್ಚಿ ತಿನ್ನಬೇಕು. ಅವ್ವ ಅವನಿಗಾಗಿ ಮೆತ್ತನೆಯ ಬಿಸಿ ರೊಟ್ಟಿ ಬೇರೆ ಮಾಡುತ್ತಾಳೆ. ತಂತಿ ಬದಲಿಸಿದಾಗಲೆಲ್ಲ ಒಂದೆರಡು ದಿನ ಅನ್ನ ಸಾರೇ ಗತಿ. ಶುರುವಿನಲ್ಲಿ ತುಟಿಯ ಒಳಗೆ ಹುಣ್ಣಾಗುತ್ತದೆ, ಚುಚ್ಚುವ ಕಡೆ ಹಚ್ಚಲು ಮೇಣ ಕೊಡುತ್ತಾರೆ. ನಿಜವಾದ ತಲೆನೋವು ಉಜ್ಜುವುದು. ತಂತಿಯ ಕೆಳಗೆ ತೂರುವ ಸಣ್ಣ ಬ್ರಷ್ ಬೇಕೇ ಬೇಕು. ಸೋಮಾರಿತನ ಮಾಡಿದರೆ ಕ್ಲಿಪ್ ತೆಗೆದ ದಿನ ಹಲ್ಲು ಸಾಲಾಗಿರುತ್ತವೆ, ಮೇಲೆ ಬಿಳಿ ಮಚ್ಚೆ ಉಳಿದಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿಗೆ ಫ್ಲೋರೈಡ್ ಜಾಸ್ತಿ. ಸಣ್ಣವರಿದ್ದಾಗ ಅದನ್ನೇ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಲ್ವಾ? ಅಂಥ ಹಲ್ಲಿನ ಮೇಲ್ಪದರಕ್ಕೆ, ಅಂಟಿಸುವ ಮುಂಚೆ ಹಚ್ಚುವ ಆಸಿಡ್ ಸರಿಯಾಗಿ ಹಿಡಿಯದೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡಾದ ಬ್ರ್ಯಾಕೆಟ್‌ನ ಅಂಟು ಬೇಗ ಬಿಡಬಹುದು. ಅಲೈನರ್‌ನವರೂ ಇದರಿಂದ ಪಾರಾಗುವುದಿಲ್ಲ, ಯಾಕೆಂದರೆ ಅದಕ್ಕೂ ಹಲ್ಲಿನ ಮೇಲೆ ಅಟ್ಯಾಚ್‌ಮೆಂಟ್ ಅಂತ ಹಲ್ಲಿನ ಬಣ್ಣದ ಸಣ್ಣ ಉಬ್ಬು ಅಂಟಿಸುತ್ತಾರೆ. ಮೊದಲ ಭೇಟಿಯಲ್ಲೇ ಇದನ್ನು ಕೇಳಿ. ಆ ಉಬ್ಬುಗಳಿಂದಾಗಿ ಅಲೈನರ್ ಸ್ವಲ್ಪವೂ ಕಾಣುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮೊದಮೊದಲು ಸ, ಷ ಹೇಳುವಾಗ ನಾಲಿಗೆ ತೊಡರುತ್ತದೆ, ಆಮೇಲೆ ಸರಿಹೋಗುತ್ತದೆ.

ದುಡ್ಡಿನ ವಿಷಯ. ಅವನ ಕ್ಲಿಪ್ಪಿಗೆ ಆದದ್ದರ ಮೂರು ಪಟ್ಟಿಗಿಂತ ಜಾಸ್ತಿ ನನ್ನ ಅಲೈನರ್‌ಗೆ ಹೋಯಿತು. ಸಾಲದ್ದಕ್ಕೆ ರಿಫೈನ್‌ಮೆಂಟ್, ಅಂದರೆ ಕೊನೆಗೆ ಉಳಿದ ಸೊಟ್ಟ ತಿದ್ದುವ ಹೆಚ್ಚುವರಿ ಟ್ರೇಗಳು, ಪ್ಯಾಕೇಜಿನಲ್ಲೇ ಇವೆ ಅಂತ ಕ್ಲಿನಿಕ್ಕಿನವರು ಬಾಯಿ ಮಾತಲ್ಲಿ ಹೇಳಿದ್ದರು, ಆಮೇಲೆ ಬೇರೆ ಬಿಲ್ ಕೊಟ್ಟರು. ನೀವು ಬರೆಸಿಕೊಳ್ಳಿ. ಯಾವ ಬ್ರ್ಯಾಂಡ್ ಅನ್ನುವುದನ್ನೂ ಬರೆಸಿ, ಇನ್ವಿಸಲೈನ್ ಒಂದು ಕಂಪನಿಯ ಬ್ರ್ಯಾಂಡ್, ಎಲ್ಲ ಅಲೈನರ್‌ಗಳ ಹೆಸರಲ್ಲ. ಎಕ್ಸ್‌ರೇ ಇಲ್ಲದೆ, ಡಾಕ್ಟರ್ ಕಣ್ಣಾರೆ ನೋಡದೆ ಟ್ರೇ ಕಳಿಸುವವರಿಂದ ದೂರ ಇರಿ. ಅಮೆರಿಕದಲ್ಲಿ ಅಂಚೆಯಲ್ಲಿ ಅಲೈನರ್ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು, ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಲ್ಲಿ ಉಳಿದರು.

ರಿಟೇನರ್, ಅಂದರೆ ಚಿಕಿತ್ಸೆ ಮುಗಿದ ಮೇಲೆ ಹಲ್ಲು ವಾಪಸ್ ಸರಿಯದಂತೆ ಹಿಡಿದಿಡುವ ಸಾಧನ, ಎರಡಕ್ಕೂ ಬೇಕು. ನಾನು ಈಗ ದಿನಾ ರಾತ್ರಿ ಹಾಕುತ್ತೇನೆ, ಎಷ್ಟು ವರ್ಷ ಅಂದರೆ ಹಲ್ಲು ನೆಟ್ಟಗಿರಬೇಕು ಅನಿಸುವಷ್ಟು ವರ್ಷ ಅಂದರು ಡಾಕ್ಟರ್. ಅದರ ರೇಟನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಕ್ಲಿಪ್ಪೇ ಅಂತ ತೀರ್ಮಾನಿಸಿದವರು ಖಾಸಗಿಗೆ ಹೋಗುವ ಮುಂಚೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ. ಸರದಿಯಲ್ಲಿ ಕೂರುವ ತಾಳ್ಮೆ ಇದ್ದರೆ ದುಡ್ಡು ಉಳಿಯುತ್ತದೆ.